ಬಲದವಡೆಯ ನೋವೂ ಜೈನಾಬಿ ಖಾಲಾರ ಮೊಳೆಯೂ

ಹಲ್ಲುನೋವಿನ ಮುಂದೆ ಯಾರ ವಾದವೂ ನಡೆಯುವುದಿಲ್ಲ ಎನ್ನುತ್ತಾರೆ. ಹಾಗೆನ್ನುವವರು ವಾದ ಮಾಡುವುದನ್ನು ಸರಿಯಾಗಿ ಕಲಿತವರಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಾನು ಕಲಿತವಳು. ಆರನೆಯ ತರಗತಿಯಲ್ಲಿ ಬೆಳಗ್ಗೆ ‘ಹಳ್ಳಿಯೇ ಲೇಸು’ ಎಂದು ಗೆದ್ದು, ಮಧ್ಯಾಹ್ನ ‘ಪಟ್ಟಣವೇ ಲೇಸು’ ಎಂದು ಗೆದ್ದು, ಒಂದೇ ದಿನ ಎರಡು ಸ್ಟೀಲಿನ ಲೋಟ ಮನೆಗೆ ತಂದವಳು. ಅಂದಿನಿಂದ ಕಾಲೇಜು ಮುಗಿಯುವವರೆಗೆ ನನ್ನ ಅಭಿಪ್ರಾಯ ಏನೆಂಬುದು ಚೀಟಿ ಎತ್ತಿ, ಪರವೋ ವಿರೋಧವೋ ನೋಡಿದ ಮೇಲೆಯೇ ನನಗೆ ತಿಳಿಯುತ್ತಿತ್ತು. ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಬಟ್ಟೆಯ ಕ್ಲಿಪ್ಪು, ಹಳೆಯ ಪೆನ್ನು, ಕೊತ್ತಂಬರಿ ಬೀಜ ಹಾಕಿಟ್ಟಿದ್ದಾಳೆ. ಅತಿ ದೊಡ್ಡ ಕಪ್ಪಿನಲ್ಲಿ ಅಜ್ಜಿಯ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ಇದೆ. ಈಗ ನನ್ನ ಹೊಟ್ಟೆಪಾಡೂ ಅದೇ. ಯಲಹಂಕದ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಚರ್ಚೆ ಮಾಡುವುದನ್ನು ಕಲಿಸುತ್ತೇನೆ. ಸಾಕ್ಷಿ ಇಲ್ಲದೆ ಯಾವುದನ್ನೂ ಒಪ್ಪಬೇಡಿ, ಸಾಕ್ಷಿ ನಿಮ್ಮ ವಿರುದ್ಧ ಇದ್ದಾಗಲೂ ಅದನ್ನು ಮುಚ್ಚಿಡಬೇಡಿ ಎಂದು ವಾರಕ್ಕೆ ನಾಲ್ಕು ಪಿರಿಯಡ್ ಕೂಗುತ್ತೇನೆ. ಇಂಥ ನಾನು ಈಚೆಗೆ ಒಂದು ಮೊಳೆಯ ಮುಂದೆ ಕುಳಿತು ಆರೇಳು ಸಲ ಹಸಿಹಸಿ ಸುಳ್ಳು ಹೇಳಿದೆ. ಅದೂ ವಿಜ್ಞಾನದ ಮಾನ ಕಾಪಾಡುವುದಕ್ಕೆ. ಈ ತಪ್ಪೊಪ್ಪಿಗೆಯನ್ನು ಎಲ್ಲಾದರೂ ಒಂದು ಕಡೆ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ಶುರುವಾದದ್ದು ಒಂದು ಸೋಮವಾರ, ಐಸ್ ಹಾಕಿಸಿಕೊಂಡ ಕಬ್ಬಿನ ಹಾಲಿನಿಂದ. ಮೊದಲ ಗುಟುಕಿಗೇ ಬಲದವಡೆಯ ಕೆಳಸಾಲಿನ ಹಿಂದಿನ ಹಲ್ಲಿನಿಂದ ಒಂದು ಮಿಂಚು ಹೊರಟು ಕಿವಿಯ ಹತ್ತಿರ ನಿಂತು ಸುತ್ತಮುತ್ತ ನೋಡಿ, ಅಲ್ಲಿಯೇ ಮನೆ ಮಾಡುವುದೆಂದು ತೀರ್ಮಾನಿಸಿತು. ಅಂದು ಸಂಜೆಯೊಳಗೆ ನನ್ನ ಬಲಗೈ ಬಲಗೆನ್ನೆಗೆ ಅಂಟಿಕೊಂಡಿತ್ತು. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆದೆ. ಒಂದು ಕಡೆ ಮಾತ್ರ ಅಗಿದೆ. ಕೈ ಒತ್ತಿ ಹಿಡಿದರೆ ನೋವು ಸ್ವಲ್ಪ ತಗ್ಗುತ್ತಿತ್ತು, ಬಿಟ್ಟರೆ ಏರುತ್ತಿತ್ತು. ಹೀಗೇಕೆ ಎಂಬ ಪ್ರಶ್ನೆ ಬಂದಾಗ ಬೇರೆಯವರಾದರೆ ಡಾಕ್ಟರ ಬಳಿ ಹೋಗುತ್ತಾರೆ. ನಾನು ಫೋನು ತೆಗೆದು ಓದಲು ಕುಳಿತೆ.

ಓದಿದ್ದನ್ನು ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ನೋವು ಹಲ್ಲಿನಲ್ಲಿ ಇರುವುದಿಲ್ಲ. ಹಲ್ಲಿನಿಂದ ಒಂದು ಸುದ್ದಿ ಹೊರಡುತ್ತದೆ ಅಷ್ಟೆ, ಅದು ಮೆದುಳಿಗೆ ಮುಟ್ಟಿದ ಮೇಲೆ ನೋವಾಗುತ್ತದೆ. ದಾರಿಯಲ್ಲಿ ಹೆಬ್ಬಾಳದಂಥ ಒಂದು ಜಾಗವಿದೆ. ಬೆಳಗ್ಗೆ ಒಂಬತ್ತು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆ ಹತ್ತಲು ನಾಲ್ಕು ದಿಕ್ಕಿನಿಂದ ವಾಹನಗಳು ಬಂದು ಒಂದರ ಮೂತಿ ಇನ್ನೊಂದಕ್ಕೆ ತಗುಲಿಸಿಕೊಂಡು ನಿಲ್ಲುತ್ತವಲ್ಲ, ಹಾಗೆ. ಕೆನ್ನೆಯನ್ನು ಒತ್ತಿದಾಗ ‘ಇಲ್ಲಿ ಕೈ ತಗುಲಿದೆ’ ಎಂಬ ಸುದ್ದಿಯ ಬೈಕುಗಳು ನುಗ್ಗಿ ಬಂದು ನೋವಿನ ಲಾರಿಗೆ ಅಡ್ಡ ನಿಲ್ಲುತ್ತವೆ. ಲಾರಿ ಹಾರ್ನ್ ಹೊಡೆಯುತ್ತ ಕೆಳಗೇ ಉಳಿಯುತ್ತದೆ. ಇದಲ್ಲದೆ ಮೆದುಳಿಗೆ ತನ್ನದೇ ಒಂದು ಔಷಧದಂಗಡಿಯೂ ಉಂಟು. ಅಫೀಮಿನ ಜಾತಿಗೆ ಸೇರಿದ ಮದ್ದನ್ನು ಅದು ತಾನೇ ತಯಾರಿಸಿ, ಬೇಕೆನಿಸಿದಾಗ ಮೇಲಿನಿಂದ ಕೆಳಕ್ಕೆ ಸುರಿದು ನೋವಿನ ಬಾಯಿ ಮುಚ್ಚಿಸುತ್ತದೆ. ಹೆದರಿಕೆಯಾದಾಗ, ಗಮನ ಬೇರೆ ಕಡೆ ಹೋದಾಗ, ಇನ್ನೇನು ಗುಣವಾಗುತ್ತದೆ ಎಂದು ಮನಸ್ಸು ನೆಚ್ಚಿಕೊಂಡಾಗ ಅಂಗಡಿಯ ಬಾಗಿಲು ತೆರೆಯುತ್ತದಂತೆ. ಆದರೆ ನಾವಾಗಿ ಹೋಗಿ ಬಾಗಿಲು ಬಡಿದರೆ ತೆರೆಯುವುದಿಲ್ಲ. ಓದಿ ನನಗೆ ಮಹದಾನಂದವಾಯಿತು. ಹಲ್ಲು ಎಂದಿನಂತೆ ನೋಯುತ್ತಿತ್ತು, ಆದರೆ ಈಗ ಅದರ ಕುಲಗೋತ್ರ ನನ್ನ ಕೈಯಲ್ಲಿತ್ತು.

ಮಂಗಳವಾರ ಸಹಕಾರನಗರದ ದಂತವೈದ್ಯೆಯ ಕ್ಲಿನಿಕ್ಕಿಗೆ ಹೋದೆ. ಹೊರಗಿನ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ, ಅದರಲ್ಲಿ ಬಾಯಿ ತೆರೆದು ಮುಚ್ಚುವ ಎರಡು ಮೀನು, ನೋಡಿದರೆ ಅವೂ ಪೇಶೆಂಟುಗಳೇ ಅನ್ನಿಸುತ್ತಿತ್ತು. ಒಳಗಿನಿಂದ ಕೊರೆಯುವ ಯಂತ್ರದ ಸದ್ದು ಬಂತು. ಕೀ ಎಂದು ಶುರುವಾಗಿ ಯಾವುದೋ ಗಟ್ಟಿ ಪದಾರ್ಥಕ್ಕೆ ತಗುಲಿ ದಪ್ಪವಾಗುವ ಆ ಸದ್ದು ಕೇಳುತ್ತಿದ್ದಂತೆ ನನ್ನ ಬೆನ್ನಿನಲ್ಲಿ ತಣ್ಣನೆಯ ಬೆವರು ಹರಿಯಿತು. ಹರಿದ ಮರುಕ್ಷಣ ನೋವು ಮಾಯ. ತಗ್ಗಿತು ಎನ್ನುವಂತಿಲ್ಲ, ಪೂರ್ತಿ ಮಾಯ. ನಾಲಿಗೆಯಿಂದ ತಳ್ಳಿದೆ, ಹಲ್ಲು ಕಡಿದೆ, ಏನೂ ಇಲ್ಲ. ನೋವೇ ಇಲ್ಲದವಳು ನಿಜವಾದ ರೋಗಿಗಳ ಜಾಗ ಹಿಡಿದು ಕೂರುವುದು ನ್ಯಾಯವಲ್ಲವೆಂದು ಎದ್ದು ಬಂದೆ. ಗೇಟಿನಾಚೆ ಎಳನೀರಿನವನ ಗಾಡಿ ದಾಟುವಷ್ಟರಲ್ಲಿ ನೋವು ಹಿಂದಿನಿಂದ ಓಡಿ ಬಂದು ನನ್ನನ್ನು ಸೇರಿಕೊಂಡಿತು.

ಬುಧವಾರ ಗಟ್ಟಿ ಮನಸ್ಸು ಮಾಡಿ ಕುರ್ಚಿಯವರೆಗೂ ಹೋದೆ. ಡಾಕ್ಟರು ನನಗಿಂತ ಹೆಚ್ಚೆಂದರೆ ಐದಾರು ವರ್ಷ ದೊಡ್ಡವರು. ಎಲ್ಲಿ ನೋವು ಎಂದು ಕೇಳಿದರು. ಈಗ ಇಲ್ಲ ಎಂದೆ. ಯಾವಾಗ ಇತ್ತು ಎಂದರು. ನಿಮ್ಮ ಮೆಟ್ಟಿಲು ಹತ್ತುವವರೆಗೆ ಇತ್ತು ಎಂದೆ. ಅವರು ನಗಲಿಲ್ಲ, ಎಲ್ಲರೂ ಇದನ್ನೇ ಹೇಳುತ್ತಾರೇನೋ. ಒಂದು ಎಕ್ಸ್‌ರೇ ತೆಗೆದು ನೋಡೋಣ ಎಂದರು. ಅಲ್ಲಿಗೆ ನನ್ನೊಳಗಿನ ಲೋಟ ಗೆದ್ದ ಹುಡುಗಿ ಎದ್ದು ನಿಂತಳು. ನೋವೇ ಇಲ್ಲದಾಗ ಹಲ್ಲು ಕೆಟ್ಟಿದೆ ಎಂದು ಸಾಧಿಸುವ ಹೊಣೆ ಯಾರದು, ಹೊಣೆ ಹೊತ್ತವರು ಮುಂದಿಡುವ ಆಧಾರವೇನು ಎಂದು ಬಾಯಲ್ಲಿ ಕನ್ನಡಿ ಇಟ್ಟುಕೊಂಡೇ ಕೇಳಿದೆ. ಜೊತೆಗೆ ಮೆದುಳು ತಾನೇ ನೋವು ತಗ್ಗಿಸುವ ಬಗೆಯನ್ನು ಹೆಬ್ಬಾಳದ ಸಮೇತ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕನ್ನಡಿ ತೆಗೆದು, “ನೀವು ಹೇಳಿದ್ದೆಲ್ಲ ಸರಿ. ಆದ್ರೆ ನೋವು ಹೋಯ್ತು ಅಂತ ನಿಮಗ್ ಗೊತ್ತು, ಹಲ್ಲಿಗೆ ಗೊತ್ತಿಲ್ವಲ್ಲ. ಒಳಗಡೆ ಕೊಳೀತಾ ಇದ್ರೆ ಈಗ ಬಂದ್ರೆ ಹಲ್ಲು ಉಳಿಯುತ್ತೆ, ತಡ ಮಾಡಿದ್ರೆ ಕೀಳ್ಬೇಕಾಗುತ್ತೆ,” ಎಂದರು. ಯೋಚಿಸಿ ಬರುತ್ತೇನೆಂದು ಇಳಿದು ಬಂದೆ. ಎಳನೀರಿನವನ ಗಾಡಿಯ ಹತ್ತಿರ ನೋವು ನನಗಾಗಿಯೇ ಕಾಯುತ್ತಿತ್ತು.

ಶುಕ್ರವಾರ ಕಾಲೇಜಿನಲ್ಲಿ ಮೇಷ್ಟ್ರುಗಳ ನಡುವೆ ಒಂದು ಚರ್ಚೆ ಇಟ್ಟಿದ್ದರು. ‘ಮನೆಮದ್ದು ಮತ್ತು ಮಂತ್ರ ಬರೀ ಭ್ರಮೆ’ ಎಂಬ ವಿಷಯ. ನಾನು ಪರ. ವೇದಿಕೆ ಹತ್ತುವವರೆಗೆ ದವಡೆ ಕಾಯಿಸಿದ ಕಬ್ಬಿಣದಂತಿತ್ತು, ಮೈಕಿನ ಮುಂದೆ ನಿಂತದ್ದೇ ತಣ್ಣಗಾಯಿತು. ಏರ್‌ಪೋರ್ಟ್ ರಸ್ತೆಯಲ್ಲಿ ದೊಡ್ಡವರ ಕಾರುಗಳ ಸಾಲು ಬರುವಾಗ ಪೊಲೀಸರು ಉಳಿದೆಲ್ಲ ವಾಹನಗಳನ್ನು ಅಡ್ಡರಸ್ತೆಗಳಲ್ಲಿ ಕಟ್ಟಿಹಾಕುತ್ತಾರಲ್ಲ, ಹಾಗೆ ನನ್ನ ಮೆದುಳು ನನ್ನ ಭಾಷಣವನ್ನು ಸಕಲ ಮರ್ಯಾದೆಯಿಂದ ದಾಟಿಸಿತು. ಲವಂಗದ ಎಣ್ಣೆಯಿಂದ ಹಿಡಿದು ತಾಯಿತದವರೆಗೆ ಎಲ್ಲವನ್ನೂ ಹರಿದು ಹಾಕಿದೆ. ಚಪ್ಪಾಳೆ ಬಿತ್ತು. ಕುರ್ಚಿಗೆ ಮರಳಿ ಕುಳಿತೆ. ದೊಡ್ಡವರ ಕಾರು ದಾಟಿದ ಮೇಲೆ ತಡೆದು ನಿಲ್ಲಿಸಿದ ಅಷ್ಟೂ ವಾಹನಗಳು ಒಟ್ಟಿಗೆ ಹಾರ್ನ್ ಹೊಡೆಯುತ್ತ ನುಗ್ಗುವುದನ್ನು ನೀವು ನೋಡಿರಬಹುದು. ನಾನು ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದ್ದನ್ನು ಕಂಡು ಪಕ್ಕದಲ್ಲಿದ್ದವರು ಗೆಲುವಿನ ತೃಪ್ತಿ ಎಂದುಕೊಂಡರಂತೆ.

ಇನ್ನು ಅಜ್ಜಿಯ ವಿಷಯಕ್ಕೆ ಬರಬೇಕು, ಏಕೆಂದರೆ ಈ ಕತೆಯಲ್ಲಿ ನನ್ನ ಹಲ್ಲಿಗಿಂತ ದೊಡ್ಡದು ಅಜ್ಜಿಯ ಕಣ್ಣು. ನಮ್ಮದು ಅಲ್ಲಾಳಸಂದ್ರ ಇನ್ನೂ ಊರಾಗಿದ್ದ ಕಾಲದಿಂದ ಅಲ್ಲಿಯೇ ಇರುವ ಮನೆ. ಸುತ್ತ ಅಪಾರ್ಟ್‌ಮೆಂಟು ಎದ್ದವು, ಅಜ್ಜಿಯ ಭಾಷೆಯ ಒಂದು ಇಟ್ಟಿಗೆಯೂ ಅಲುಗಲಿಲ್ಲ. ಅವಳ ಬಾಯಲ್ಲಿ ಒಂದೂ ಹಲ್ಲಿಲ್ಲ, ಆದ್ದರಿಂದ ಹಲ್ಲಿನ ವಿಷಯದಲ್ಲಿ ಅವಳು ನಿಷ್ಪಕ್ಷಪಾತಿ. ಎರಡು ಕಣ್ಣಿಗೂ ಪೊರೆ ಬಂದಿದೆ, ಬಲಗಣ್ಣಿನದು ಚೆನ್ನಾಗಿ ಬಲಿತಿದೆ, ಬೇಗ ತೆಗೆಸಿ ಎಂದು ಕಣ್ಣಿನ ಡಾಕ್ಟರು ಹೇಳಿ ಆಗಲೇ ಒಂದು ವರ್ಷವಾಗಿತ್ತು. ಅಜ್ಜಿ ಒಪ್ಪಿರಲಿಲ್ಲ. ಪಕ್ಕದ ಮನೆಯವರು ಗೇಟಿನ ಬಳಿ ಇಟ್ಟ ಪ್ಲಾಸ್ಟಿಕ್ ಗಿಡಕ್ಕೆ ಅವಳು ಎರಡು ತಿಂಗಳು ದಿನಾ ನೀರು ಹಾಕಿದಳು. ಎಂಥ ಬಿಸಿಲಿಗೂ ಅದು ಬಾಡದೇ ಇರುವುದು ತನ್ನ ಕೈಗುಣ ಎಂದು ಬೀದಿಗೆಲ್ಲ ಹೇಳಿದಳು. ಆ ಮನೆಯವರು ಒಳ್ಳೆಯವರು, ಸುಮ್ಮನಿದ್ದರು. ಅಲ್ಲಿಯವರೆಗೆ ನಗುವ ಮಾತು. ನನ್ನ ಹಲ್ಲುನೋವಿನ ಹಿಂದಿನ ತಿಂಗಳು ಕೆರೆಯ ಗೇಟಿನ ಎದುರು ರಸ್ತೆ ದಾಟುವಾಗ ಸ್ಕೂಟರು ಅವಳ ಸೆರಗನ್ನು ಸವರಿಕೊಂಡು ಹೋಯಿತು. ಸ್ಕೂಟರಿನವಳು ನಿಲ್ಲಿಸಿ ಅತ್ತಳು, ಅಜ್ಜಿ ಅವಳಿಗೇ ಸಮಾಧಾನ ಹೇಳಿ ಕಳಿಸಿದಳು. ಮನೆಗೆ ಬಂದು, ಗಾಳಿ ಜೋರಾಗಿತ್ತು ಎಂದಳು. ಅಂದಿನಿಂದ ಅವಳು ಹಾಲಿಗೆ ಹೊರಟರೂ ನನ್ನ ಎದೆ ಢವಢವ ಎನ್ನುತ್ತಿತ್ತು.

ಈ ವಿಷಯದಲ್ಲಿ ನಾನು ಮಂಡಿಸದ ವಾದವಿರಲಿಲ್ಲ. ಅಜ್ಜಿಯ ಕಡೆ ಇದ್ದದ್ದು ಒಂದೇ ವಾದ. “ನೋಯ್ತಾ ಇಲ್ವಲ್ಲ, ಯಾತಕ್ಕೆ ಕೊಯ್ಸ್ಕಬೇಕು?” ನಾನು ಇಪ್ಪತ್ತು ನಿಮಿಷ ಮಾತಾಡಿ ಉಸಿರು ತೆಗೆದುಕೊಳ್ಳಲು ನಿಂತಾಗ ಅವಳು ಕುಟ್ಟಾಣಿಯನ್ನು ಎರಡು ಸಲ ಕುಟ್ಟಿ ಇದನ್ನು ಹೇಳುತ್ತಿದ್ದಳು, ಅಲ್ಲಿಗೆ ಸಭೆ ಮುಗಿಯುತ್ತಿತ್ತು. ಶನಿವಾರ ಮಧ್ಯಾಹ್ನ ನಾನು ಕೆನ್ನೆ ಹಿಡಿದು ಮೂಲೆಯಲ್ಲಿ ಕುಳಿತಿದ್ದಾಗ ಅವಳೇ ಶುರು ಮಾಡಿದಳು. ಐದು ದಿನದಿಂದ ನರಳುತ್ತಿದ್ದೀಯ, ಓದಿದ್ದು ಯಾವುದಕ್ಕೂ ಬರಲಿಲ್ಲ, ನಡಿ ಜೈನಾಬಿ ಮನೆಗೆ, ಒಂದು ಮೊಳೆ ಹೊಡೆಸಿಕೊಂಡು ಬರೋಣ ಎಂದಳು. 

ಜೈನಾಬಿ ಖಾಲಾ ನಮ್ಮ ಬೀದಿಯ ಕೊನೆಯ ಮನೆಯವರು, ಬೀದಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅವರ ಯಜಮಾನರ ಮರಗೆಲಸದ ಅಂಗಡಿ ಮನೆಗೆ ಅಂಟಿಕೊಂಡೇ ಇದೆ. ಖಾಲಾ ಬಟ್ಟೆ ಹೊಲಿಯುತ್ತಾರೆ, ಜೊತೆಗೆ ತಮ್ಮ ತಾಯಿಯಿಂದ ಕಲಿತ ಹಲ್ಲುನೋವಿನ ಮೊಳೆಯನ್ನೂ ಹೊಡೆಯುತ್ತಾರೆ. ಅದಕ್ಕೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ನಾನು ಹುಟ್ಟುವ ಮೊದಲೇ ನಮ್ಮ ಬೀದಿಯ ಎಲ್ಲ ಜಾತಿಯ ಹಲ್ಲುಗಳೂ ಅವರ ಮನೆಗೆ ಹೋಗಿ ಬಂದಿವೆ. ನಿನ್ನೆ ತಾನೇ ಮೈಕಿನಲ್ಲಿ ಕೂಗಿದ ಬಾಯಿ ಇಂದು ಮೊಳೆಗೆ ಹೋಗುವುದೇ ಎಂದು ನಾನು ಮುಖ ತಿರುಗಿಸಿದೆ. ಆಗ ಒಂದು ಯೋಚನೆ ಹೊಳೆಯಿತು. ಗೆಲ್ಲುವುದು ಖಚಿತವಾದ ಚರ್ಚೆಗೆ ಎದುರಾಳಿಯನ್ನು ಎಳೆದು ತರುವುದು ನಮ್ಮ ವಿದ್ಯೆಯ ಮೊದಲ ಪಾಠ. ಪಣ ಕಟ್ಟಿದೆ. ಮೊಳೆಯಿಂದ ನನ್ನ ನೋವು ಹೋದರೆ ಅವಳ ಕಣ್ಣಿನ ಮಾತನ್ನು ನಾನು ಜನ್ಮದಲ್ಲಿ ಎತ್ತುವುದಿಲ್ಲ. ಹೋಗದಿದ್ದರೆ ಅವಳು ಎರಡು ಮಾತಿಲ್ಲದೆ ಆಪರೇಷನ್ನಿಗೆ ಬರಬೇಕು. ಅಜ್ಜಿ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ಆಗಲಿ ಎಂದಳು. ನಂಬಿದವರ ಮೆದುಳು ಮಾತ್ರ ಮದ್ದು ಸುರಿಸುತ್ತದೆ, ನಾನು ನಂಬುವುದಿಲ್ಲ, ಆದ್ದರಿಂದ ನನ್ನ ಮೆದುಳು ಸುರಿಸುವುದಿಲ್ಲ. ಇಷ್ಟು ಸರಳವಾದ ತರ್ಕದಲ್ಲಿ ಎಲ್ಲಿ ತೂತಿದೆ ಎಂದು ಹುಡುಕಲು ಹಲ್ಲುನೋವು ಬಿಡಲಿಲ್ಲ.

ಖಾಲಾ ಹೊಲಿಗೆ ಯಂತ್ರವನ್ನು ಸರಿಸಿ ಹಿಂದಿನಿಂದ ಒಂದು ಉದ್ದನೆಯ ಹಲಗೆ ತೆಗೆದರು. ಅದರ ತುಂಬ ತಲೆಯವರೆಗೆ ಹೊಡೆದ ಮೊಳೆಗಳು. ಕೆಲವು ತುಕ್ಕು ಹಿಡಿದಿದ್ದವು, ಕೆಲವು ಹೊಸವು. ಒಂದೊಂದೂ ಯಾರದೋ ನಿಂತುಹೋದ ನೋವು. ಇದು ನಿಮ್ಮ ಅಮ್ಮನದು ಎಂದು ಒಂದನ್ನು ತೋರಿಸಿದರು. ಅಮ್ಮ ಈ ವಿಷಯ ನನ್ನಿಂದ ಮುಚ್ಚಿಟ್ಟಿದ್ದಳು. ಖಾಲಾ ಹಲಗೆಯ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬಲದಿಂದ ಎಡಕ್ಕೆ ಒಂಬತ್ತು ಅರಬ್ಬಿ ಅಕ್ಷರ ಬರೆದರು. ಕ್ರಮ ಹೇಳಿಕೊಟ್ಟರು. ನೋವಿರುವ ಕಡೆ ಕೈ ಇಟ್ಟುಕೊಳ್ಳಬೇಕು. ಅವರು ಮೊದಲ ಅಕ್ಷರದ ಮೇಲೆ ಮೊಳೆ ಊರಿ, ಬಾಯಲ್ಲಿ ಓದುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ನೋವು ಹೋಯಿತೇ ಎಂದು ಕೇಳುತ್ತಾರೆ. ಹೋಗಿದ್ದರೆ ಮೊಳೆಯನ್ನು ಅಲ್ಲಿಯೇ ಪೂರ್ತಿ ಹೊಡೆದುಬಿಡುವುದು. ಇಲ್ಲದಿದ್ದರೆ ಕಿತ್ತು ಮುಂದಿನ ಅಕ್ಷರಕ್ಕೆ. “ಒಂದೇ ಶರತ್ತು ಬೇಟಾ. ನೀನು ಬಾಯಿಬಿಟ್ಟು ಹೇಳ್ಬೇಕು. ನಿನ್ನ ನೋವು ನಿಂಗೇ ಗೊತ್ತು, ನಂಗೆ ಹೇಗೆ ಗೊತ್ತಾಗುತ್ತೆ?”

ಮೊದಲ ಅಕ್ಷರ. ಟಕ್, ಟಕ್, ಟಕ್. ಹೋಯ್ತಾ ಎಂದರು. ನೋವು ಕೆಂಡದಂತೆ ಇತ್ತು, ಇಲ್ಲ ಎಂದೆ. ಎರಡನೆಯದಕ್ಕೂ ಇತ್ತು, ಇಲ್ಲ ಎಂದೆ, ಇದು ಸತ್ಯ. ಖಾಲಾರ ಮಾತಿನ ಏರಿಳಿತದಲ್ಲಿ ಏನೋ ಒಂದು ಹದವಿತ್ತು. ನಾನು ಮೊಳೆಯ ತುದಿಯನ್ನೇ ನೋಡುತ್ತಿದ್ದೆ. ಅಜ್ಜಿ ಎದುರಿನ ಮಂಚದ ಮೇಲೆ ಕುಳಿತು ತನ್ನ ಮಂಜುಗಣ್ಣನ್ನು ನನ್ನ ಮುಖಕ್ಕೆ ನೆಟ್ಟಿದ್ದಳು. ಸ್ಕೂಟರು, ಸೆರಗು, ಆಸ್ಪತ್ರೆ, ಪಣ, ಎಲ್ಲ ಒಟ್ಟಿಗೆ ತಲೆಯಲ್ಲಿ ಓಡಿದವು. ಮೂರನೆಯ ಅಕ್ಷರ. ಟಕ್, ಟಕ್. ನೋವು ನಿಂತಿತು.

ಕರೆಂಟು ಹೋದಾಗ ಫ್ಯಾನು ನಿಲ್ಲುವ ಹಾಗೆ, ಸುತ್ತುತ್ತ ಸುತ್ತುತ್ತ ನಿಂತೇಹೋಯಿತು. ಐದು ದಿನದ ಮೇಲೆ ಮೊದಲ ಸಲ ನನ್ನ ತಲೆಯೊಳಗೆ ನಿಶ್ಶಬ್ದ. ಹೊರಗೆ ಅಂಗಡಿಯಲ್ಲಿ ಮರಕ್ಕೆ ರಂದ ಹಾಕುವ ಸದ್ದು, ಯಾರ ಮನೆಯದೋ ಒಗ್ಗರಣೆಯ ವಾಸನೆ, ಎಲ್ಲವೂ ಈಗ ತಾನೇ ಹುಟ್ಟಿದಂತೆ ಬಂದವು. ಖಾಲಾ ಕೇಳಿದರು, “ಹೋಯ್ತಾ ಬೇಟಾ?”

ಇಲ್ಲಿ ನಾನು ಹೌದು ಎನ್ನಬೇಕಿತ್ತು. ವಾರಕ್ಕೆ ನಾಲ್ಕು ಪಿರಿಯಡ್ ಕಲಿಸುವುದು ಅದನ್ನೇ. ಹೌದು, ನಿಂತಿತು, ಆದರೆ ನಿಲ್ಲಿಸಿದ್ದು ಮೊಳೆಯಲ್ಲ, ನನ್ನ ಮೆದುಳು. ಪಣದ ಆತಂಕವೇ ಇಂದಿನ ದೊಡ್ಡವರ ಕಾರು. ಎಂದೆಲ್ಲ ಆಮೇಲೆ ವಾದಿಸಬಹುದಿತ್ತು. ಆದರೆ ಪಣದ ಮಾತಿನಲ್ಲಿ ಮೆದುಳಿನ ಹೆಸರೇ ಇರಲಿಲ್ಲ. ಮೊಳೆಯಿಂದ ನೋವು ಹೋದರೆ ಎಂದಿತ್ತು, ಅಷ್ಟೆ. ಹೌದು ಎಂದರೆ ಅಜ್ಜಿ ಇನ್ನು ಸಾಯುವವರೆಗೆ ಪ್ಲಾಸ್ಟಿಕ್ ಗಿಡಕ್ಕೆ ನೀರು ಹಾಕಿಕೊಂಡು, ರಸ್ತೆಯಲ್ಲಿ ಗಾಳಿ ಜೋರಾಗಿದೆ ಎಂದುಕೊಂಡು ಓಡಾಡುತ್ತಾಳೆ. ನಾನು ಖಾಲಾರ ಮುಖ ನೋಡಿದೆ. ಅವರ ಸುತ್ತಿಗೆ ಗಾಳಿಯಲ್ಲಿ ನಿಂತಿತ್ತು. “ಇಲ್ಲ ಖಾಲಾ, ಹಾಗೇ ಇದೆ,” ಎಂದೆ.

ಮೊಳೆ ಕಿತ್ತು ನಾಲ್ಕನೆಯ ಅಕ್ಷರಕ್ಕೆ ಹೋದರು. ಇಲ್ಲ ಎಂದೆ. ಅಷ್ಟರಲ್ಲಿ ನನ್ನ ಕೈ ಕೆನ್ನೆಯ ಮೇಲೆ ಇಲ್ಲದಿರುವುದು ಗಮನಕ್ಕೆ ಬಂತು, ಯಾವಾಗಲೋ ಇಳಿದು ತೊಡೆಯ ಮೇಲೆ ಹಾಯಾಗಿ ಮಲಗಿತ್ತು. ಗಡಬಡಿಸಿ ಕೈಯೆತ್ತಿ ಕೆನ್ನೆಗೆ ಇಟ್ಟುಕೊಂಡು ಸಣ್ಣಗೆ ನರಳಿದೆ. ಐದು, ಆರು, ಏಳು. ಒಂದೊಂದು ಸುಳ್ಳಿಗೂ ನರಳುವುದು ಹೆಚ್ಚು ಸಹಜವಾಗುತ್ತ ಬಂತು. ಒಂಬತ್ತನೆಯದು ಮುಗಿದಾಗ ಖಾಲಾ ಸುತ್ತಿಗೆ ಕೆಳಗಿಟ್ಟರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಮೊಳೆ ಇರೋದು ನೋವಿಗೆ ಬೇಟಾ, ಹಲ್ಲಿಗಲ್ಲ, ಡಾಕ್ಟ್ರ ಬಾಗಿಲು ತೆಗೆಯೋವರೆಗೆ ತಡ್ಕೊಳ್ಳೋಕೆ ಅಷ್ಟೇ, ಎಂದರು. ತಾವು ಮೊಳೆ ಹೊಡೆದ ಪ್ರತಿಯೊಬ್ಬರಿಗೂ ಮರುದಿನ ಡಾಕ್ಟರ ಬಳಿ ಹೋಗು ಎಂದೇ ಹೇಳಿ ಕಳಿಸುವುದಂತೆ. ತಮ್ಮ ಬಾಯಲ್ಲೇ ಎರಡು ಹಲ್ಲಿಗೆ ರೂಟ್ ಕೆನಾಲ್ ಆಗಿದೆಯೆಂದು ಬಾಯಿ ತೆರೆದು ತೋರಿಸಿದರು. ನಾಳೆ ಭಾನುವಾರ, ಇವತ್ತೇ ಸಂಜೆ ಹೋಗು ಎಂದರು. ನಿನ್ನೆಯ ನನ್ನ ಭಾಷಣದಲ್ಲಿ ಇಂಥವರೊಬ್ಬರು ಬಂದಿರಲಿಲ್ಲ. ಅಲ್ಲಿ ಬಂದಿದ್ದವರೆಲ್ಲ ಸುಲಭವಾಗಿ ಸೋಲುವವರು.

ಸೋತವಳು ಅಜ್ಜಿ. ಸಂಜೆ ಕ್ಲಿನಿಕ್ಕಿಗೆ ತಾನೂ ಬರುತ್ತೇನೆಂದು ಹೊರಟಳು. ಮೀನಿನ ತೊಟ್ಟಿಯ ಮುಂದೆ ಅವಳನ್ನು ಕೂರಿಸಿದರೆ, ಒಳಗೇ ಬರುತ್ತೇನೆಂದು ಬಂದು ಸ್ಟೂಲಿನ ಮೇಲೆ ಕುಳಿತಳು. ದಾರಿಯಲ್ಲಿ ಮರಳಿ ಬಂದಿದ್ದ ನೋವು ಎಂದಿನಂತೆ ಮೆಟ್ಟಿಲ ಬಳಿ ಚಪ್ಪಲಿಯ ಜೊತೆ ಹೊರಗೇ ಉಳಿಯಿತು. ಯಾವ ಹಲ್ಲು ಎಂದು ಡಾಕ್ಟರು ಕೇಳಿದಾಗ, ಬಲಗಡೆ, ಕೆಳಗೆ, ಕೊನೆಯಿಂದ ಎರಡನೆಯದು, ಇದರಲ್ಲಿ ಸಂಶಯವೇ ಬೇಡ ಎಂದೆ. ಅವರು ಕನ್ನಡಿಯ ಹಿಡಿಯನ್ನು ತಿರುಗಿಸಿ ಹಿಡಿದು ಹಲ್ಲುಗಳನ್ನು ಒಂದೊಂದಾಗಿ ತಟ್ಟುತ್ತ ಬಂದರು. ಟಕ್, ಟಕ್. ಇಲ್ಲಿ ನೋಯುತ್ತಾ? ಇಲ್ಲ. ಟಕ್, ಟಕ್. ಇಲ್ಲಿ? ನಾನು ಹೇಳಿದ ಹಲ್ಲಿಗೂ ತಟ್ಟಿದರು, ಏನೂ ಆಗಲಿಲ್ಲ. ಹಿಂದಿನಿಂದ ಅಜ್ಜಿ, “ಇದೂ ಜೈನಾಬಿ ಮಾಡಿದಂಗೇ ಐತಲ್ಲ, ಮೊಳೆ ಒಂದಿಲ್ಲ,” ಎಂದಳು. ಡಾಕ್ಟರು ಮೇಲಿನ ಸಾಲಿಗೆ ಹೋದರು. ಎರಡನೆಯ ಹಲ್ಲಿಗೆ ತಟ್ಟಿದ್ದೇ ನಾನು ಕುರ್ಚಿಯಿಂದ ಒಂದು ಗೇಣು ಮೇಲೆದ್ದೆ. ಎಕ್ಸ್‌ರೇ ಅದನ್ನೇ ಹೇಳಿತು. ಕೆಟ್ಟದ್ದು ಮೇಲಿನ ಹಲ್ಲು. ಒಂದೇ ಕಡೆಯ ಮೇಲಿನ ಮತ್ತು ಕೆಳಗಿನ ಹಲ್ಲುಗಳ ಸುದ್ದಿ ಒಂದೇ ದಾರಿಯಲ್ಲಿ ಹೋಗುವುದರಿಂದ ಮೆದುಳು ಹೀಗೆ ಮನೆ ನಂಬರು ತಪ್ಪುವುದು ಸಾಮಾನ್ಯವಂತೆ. ಐದು ದಿನ ನಾನು ಒಂದು ನಿರಪರಾಧಿ ಹಲ್ಲಿನ ಮೇಲೆ ಆರೋಪ ಹೊರಿಸಿ, ಅದರ ಪರವಾಗಿ ವಾದ ಮಂಡಿಸಿ, ಅದಕ್ಕೆ ಮೊಳೆಯನ್ನೂ ಹೊಡೆಸಲು ಹೋಗಿದ್ದೆ. ಸದ್ಯ ಹಲ್ಲು ಉಳಿಯುತ್ತದೆ, ಇನ್ನೊಂದು ವಾರ ಬಿಟ್ಟಿದ್ದರೆ ಕೀಳಬೇಕಿತ್ತು ಎಂದು ಹೇಳಿ ಡಾಕ್ಟರು ಇಂಜೆಕ್ಷನ್ ಕೊಟ್ಟು ಕೆಲಸ ಶುರು ಮಾಡಿದರು.

ಮುಗಿಸಿ ಆಟೋ ಹತ್ತಿದಾಗ ನನ್ನ ಬಾಯಿ ಅರ್ಧ ನನ್ನದಾಗಿರಲಿಲ್ಲ. ತುಟಿ ಚಪ್ಪಲಿಯ ಅಟ್ಟೆಯಂತೆ ದಪ್ಪಗಿತ್ತು, ಬಾಯಿ ಬಿಟ್ಟರೆ ಜೊಲ್ಲು. ಎರಡು ಗಂಟೆ ಮಾತಾಡಬೇಡಿ ಎಂದಿದ್ದರು. ಅಜ್ಜಿ ಇಪ್ಪತ್ತಾರು ವರ್ಷದಿಂದ ಕಾಯುತ್ತಿದ್ದದ್ದು ಈ ಎರಡು ಗಂಟೆಗೇ ಇರಬೇಕು. ಬಳ್ಳಾರಿ ರಸ್ತೆಯ ಸಿಗ್ನಲ್ಲಿನಲ್ಲಿ ಆಟೋ ನಿಂತದ್ದೇ ಶುರು ಮಾಡಿದಳು.

“ಮೂರ್ನೇ ಅಕ್ಷರಕ್ಕೇ ನಿನ್ ನೋವು ಓಯ್ತು.”

ನಾನು ತಲೆಯಾಡಿಸಿದೆ, ಇಲ್ಲ ಎಂದು.

“ತಲೆ ಆಡಿಸ್ಬೇಡ. ಐದ್ ದಿನದಿಂದ ಕೆನ್ನೆಗೆ ಅಂಟ್ಕಂಡಿದ್ದ ಕೈ ಅದು, ಮೂರ್ನೇದಕ್ಕೆ ದೊಪ್ ಅಂತ ತೊಡೆ ಮ್ಯಾಲೆ ಬಿತ್ತು. ಆಮೇಲೆ ನೆಪ್ಪಾಗಿ ಮ್ಯಾಕೆ ಇಟ್ಕಂಡೆ. ಇಟ್ಕಂಡಿದ್ದು ಎಡಗೆನ್ನೆಗೆ. ನಿಂಗೆ ನೋವಿದ್ದಿದ್ದು ಬಲಕ್ಕಲ್ವಾ?”

ನನಗೆ ನೆನಪಾಯಿತು. ಮೊಳೆ ಬಲಗಡೆಯಿಂದ ಹೊರಟು ಎಡಕ್ಕೆ ಸರಿಯುತ್ತಿತ್ತು, ನನ್ನ ಕಣ್ಣು ಅದರ ಹಿಂದೆ, ಕೈ ಕಣ್ಣಿನ ಹಿಂದೆ. ಪೊರೆ ಬಂದ ಕಣ್ಣಿಗೆ ಪ್ಲಾಸ್ಟಿಕ್ ಗಿಡ ಕಾಣಲಿಲ್ಲ, ಸ್ಕೂಟರು ಕಾಣಲಿಲ್ಲ, ನನ್ನ ಸುಳ್ಳು ಮಾತ್ರ ಕಂಡಿತು. ಖಾಲಾಗೂ ಕಂಡಿತ್ತಂತೆ. ನಾನು ಮೊಳೆಯನ್ನೇ ನೋಡುತ್ತಿದ್ದಾಗ ಇಬ್ಬರೂ ಸನ್ನೆಯಲ್ಲೇ ಮಾತಾಡಿಕೊಂಡಿದ್ದರಂತೆ. ಬಾಯಿಬಿಟ್ಟು ಹೇಳಿದ್ದೇ ಲೆಕ್ಕ ಎಂಬುದು ಖಾಲಾರ ಕಟ್ಟಳೆ, ಹಾಗಾಗಿ ಒಂಬತ್ತನೆಯದರವರೆಗೂ ಕಾದರಂತೆ.

ನಾನು ಏನೋ ಹೇಳಲು ಹೋದೆ, ತುಟಿಯಿಂದ ಬರೀ ಗಾಳಿ ಬಂತು. ಅಜ್ಜಿ ತನ್ನ ಸೆರಗಿನಿಂದ ನನ್ನ ಗಲ್ಲ ಒರೆಸಿದಳು. “ನೋವಿಲ್ಲ ಅಂತ ನಾನು ಡಾಕ್ಟ್ರತ್ರ ಓಗ್ಲಿಲ್ಲ. ನೋವು ಓಯ್ತು ಅಂತ ನೀನು ಎರಡ್ ಸತಿ ವಾಪಸ್ ಬಂದೆ. ನನ್ನ ದಡ್ಡಿ ಅಂತೀಯ. ಪಣ ಸೋತವಳು ನೀನು ಕಣೆ, ನಾನಲ್ಲ.” ಸಿಗ್ನಲ್ ಬಿಟ್ಟಿತು. ಆಟೋ ನಾಲ್ಕು ಮಾರು ಹೋದ ಮೇಲೆ ಅವಳು ಹೊರಗೆ ನೋಡುತ್ತ ಹೇಳಿದಳು, “ಆದ್ರೂ ಬತ್ತೀನಿ, ಕೊಯ್ಸು. ನೀನು ಸುಳ್ಳು ಏಳೋ ಮಗು ಅಲ್ಲ. ನನ್ ಕಣ್ಣಿಗೋಸ್ಕರ ಏಳ್ದೆ ಅಂದ್ರೆ, ಕಣ್ಣು ಅಷ್ಟು ಕೆಟ್ಟಿರಬೇಕು.”

ಇಪ್ಪತ್ತು ನಿಮಿಷದ ಮಂಡನೆ, ಹತ್ತು ನಿಮಿಷದ ಖಂಡನೆ, ವರ್ಷವಿಡೀ ಮಾಡಿದ ವಾದ ಯಾವುದೂ ಮಾಡದಿದ್ದ ಕೆಲಸವನ್ನು ಒಂದು ಕೆಟ್ಟ ಸುಳ್ಳು ಮಾಡಿತ್ತು. ಇದನ್ನು ನಾನು ಕ್ಲಾಸಿನಲ್ಲಿ ಯಾವ ಪಾಠದ ಕೆಳಗೆ ಸೇರಿಸಲಿ? ಅಜ್ಜಿ ಒಂದೇ ಒಂದು ಶರತ್ತು ಹಾಕಿದಳು. ಖಾಲಾ ಮನೆಗೆ ಹೋಗಿ ಬಾಯಿಬಿಟ್ಟು ಹೇಳಿ ಬರಬೇಕು.

ಹೋದೆ. ಅಷ್ಟರಲ್ಲಿ ತುಟಿ ಮತ್ತೆ ನನ್ನದಾಗಿದ್ದರಿಂದ ತಪ್ಪೊಪ್ಪಿಗೆಯ ಜೊತೆಗೆ ವಿವರಣೆಯನ್ನೂ ಸೇರಿಸಿದೆ. ನಿಲ್ಲಿಸಿದ್ದು ಮೊಳೆಯಲ್ಲ ಖಾಲಾ, ನನ್ನದೇ ಮೆದುಳು, ಅದರೊಳಗೇ ಮದ್ದು ಇರುತ್ತದೆ ಎಂದು ಹೆಬ್ಬಾಳದಿಂದ ಹಿಡಿದು ಎಲ್ಲ ಹೇಳಿದೆ. ಅವರು ಹಲಗೆ ತೆಗೆದು ಪೆನ್ಸಿಲಿನ ಮೂರನೆಯ ಅಕ್ಷರ ಹುಡುಕುತ್ತ ಕೇಳಿಸಿಕೊಂಡರು. “ಇರಬಹುದು ಬೇಟಾ. ಆದ್ರೆ ನಿನ್ನ ಮೆದುಳು ಐದು ದಿನಾನೂ ನಿನ್ ಹತ್ರಾನೇ ಇತ್ತಲ್ಲ. ಯಾರಾದ್ರೂ ಪಕ್ಕದಲ್ಲಿ ಕೂತ್ಕೊಂಡು ‘ಹೋಯ್ತಾ, ಹೋಯ್ತಾ’ ಅಂತ ಕೇಳ್ಬೇಕು, ಆಗ ಅದಕ್ಕೂ ನಾಚಿಕೆ ಆಗುತ್ತೆ,” ಎಂದು ಹೇಳಿ, ಮೊಳೆ ಊರಿ ಮೂರೇ ಏಟಿಗೆ ತಲೆಯವರೆಗೆ ಹೊಡೆದರು. ಆ ಮಾತಿಗೊಂದು ಖಂಡನೆಯನ್ನು ಈಗಲೂ ಹುಡುಕುತ್ತಿದ್ದೇನೆ. ಅಮ್ಮನ ಮೊಳೆಯಿಂದ ಒಂದು ಗೇಣು ದೂರದಲ್ಲಿ ನನ್ನದು ಹೊಳೆಯುತ್ತ ಕುಳಿತಿದೆ, ನನ್ನ ಭಾಷಣದ ವಿರುದ್ಧ ಸಾಕ್ಷಿಯಾಗಿ.

ಅಜ್ಜಿಯ ಬಲಗಣ್ಣಿನ ಪೊರೆ ತೆಗೆದು ಒಂದು ತಿಂಗಳಾಯಿತು. ಪಕ್ಕದ ಮನೆಯ ಗಿಡವನ್ನು ಹತ್ತಿರದಿಂದ ನೋಡಿ ಬಂದು ನೀರಿನ ಚೊಂಬನ್ನು ಒಳಗಿಟ್ಟಳು. ಈಗ ರಸ್ತೆಯನ್ನು ತಾನೇ ದಾಟುತ್ತಾಳೆ, ನನ್ನ ಎದೆ ಢವಢವ ನಿಂತಿದೆ. ಆದರೆ ಪೊರೆಯ ಕಣ್ಣಿಗೇ ಅಷ್ಟು ಕಂಡವಳಿಗೆ ಈಗ ಎಷ್ಟು ಕಾಣುತ್ತಿರಬೇಡ. ವಾದದಲ್ಲಿ ನನ್ನ ಕಾಲಕೆಳಗಿನ ನೆಲ ಸ್ವಲ್ಪ ಸಡಿಲವಾದರೂ ನನ್ನ ಕೈ ನನಗೇ ತಿಳಿಯದಂತೆ ಕೆನ್ನೆಯ ಕಡೆಗೆ ಏರುತ್ತದಂತೆ. ಅದು ಅಲ್ಲಾಡಿದ್ದೇ ಅಜ್ಜಿ ಕುಟ್ಟಾಣಿ ನಿಲ್ಲಿಸಿ, ಯಾವ ಕೆನ್ನೆಗೆ ಹೋಗುತ್ತದೆಂದು ನೋಡುತ್ತಾಳೆ. ಮೊನ್ನೆ ನನ್ನ ವಿದ್ಯಾರ್ಥಿಯೊಬ್ಬಳು ಮನೆಗೆ ಬಂದಿದ್ದಳು. ನಾನು ಅಜ್ಜಿಯ ಜೊತೆ ಚರ್ಚಿಸುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಿಲ್ಲುವುದನ್ನು ಕಂಡು, ಎಷ್ಟು ಗಂಭೀರವಾದ ನಿಲುವು ಮ್ಯಾಮ್, ನಮಗೂ ಹೇಳಿಕೊಡಿ ಎಂದಳು. ಮುಂದಿನ ವಾರದಿಂದ ಹೇಳಿಕೊಡಲಿದ್ದೇನೆ.